ಪಿಎಫ್‌ಎನ್ (ತೊಡೆಮೂಳೆಗೆ ರಾಡ್ ಹಾಕುವ ಆಪರೇಷನ್) ಆಗಿ 9 ದಿನ: ಕಾಲೂರಬೇಕೋ, ಊರಬಾರದೋ? ಡೊಂಬಿವಲಿ, ಎರಡನೇ ಮಾಳಿಗೆ, ಲಿಫ್ಟ್ ಇಲ್ಲ

ಡೊಂಬಿವಲಿ_ಸೊಸೆ

ಅತ್ತೆಗೆ 76 ವರ್ಷ, ತೂಕ 52 ಕೆಜಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇರುವುದು: ಬಲಗಡೆ ಇಂಟರ್‌ಟ್ರೊಕ್ಯಾಂಟರಿಕ್ ಫ್ರ್ಯಾಕ್ಚರ್ (ಸೊಂಟದ ಹತ್ತಿರ ತೊಡೆಮೂಳೆಯ ಮುರಿತ), ಪಿಎಫ್‌ಎನ್. ಆಪರೇಷನ್ ಆಗಿ ಇವತ್ತಿಗೆ 9 ದಿನ, ಮನೆಗೆ ಬಂದು 3 ದಿನ. ಬಿಪಿ ಮತ್ತು ಥೈರಾಯ್ಡ್ ಮಾತ್ರೆ ಇದೆ, ಶುಗರ್ ಇಲ್ಲ. ಬೀಳುವ ಮುಂಚೆ ಕೋಲಿಲ್ಲದೆ ನಡೆಯುತ್ತಿದ್ದರು, ಸ್ಟೇಷನ್ ಹತ್ತಿರದ ಭಾಜಿ ಮಾರ್ಕೆಟ್ಟಿಗೆ ಒಬ್ಬರೇ ಹೋಗಿ ಬರುತ್ತಿದ್ದರು.

ತಲೆ ಕೆಡಿಸಿರುವ ಸಂಗತಿಗಳು:

ಕಾರ್ಡಿನಲ್ಲಿ ‘6 ವಾರ ಟೋ ಟಚ್ ಮಾತ್ರ’ ಎಂದು ಬರೆದಿದ್ದಾರೆ, ಅಂದರೆ ಭಾರ ಹಾಕದೆ ಕಾಲ್ಬೆರಳು ನೆಲಕ್ಕೆ ತಾಗಿಸಬಹುದು ಅಷ್ಟೇ. ಅದೇ ಆಸ್ಪತ್ರೆಯ ಫಿಸಿಯೋ ಎರಡನೇ ದಿನವೇ ವಾಕರ್ ಕೊಟ್ಟು ಪೂರ್ತಿ ಕಾಲೂರಿಸಿ ನಿಲ್ಲಿಸಿದರು. ಯಾರ ಮಾತು ಕೇಳುವುದು?

ಕೆಳಗಿನ ಮನೆಯವರಿಗೆ ಹೋದ ವರ್ಷ ಸೊಂಟದ ಕೀಲಿಗೆ ಲೋಹದ ಬಾಲ್ ಹಾಕಿದ್ದು. ‘90 ಡಿಗ್ರಿಗಿಂತ ಬಗ್ಗಬಾರದು, ಕಾಲ ನಡುವೆ ದಿಂಬು ತೆಗೆಯಬಾರದು, ಮಗ್ಗುಲಾಗಬಾರದು’ ಎಂದು ಅವರು ಹೇಳಿ ಹೋದಾಗಿನಿಂದ ಅತ್ತೆ ಕಟ್ಟಿಗೆಯಂತೆ ಅಂಗಾತ ಮಲಗಿಬಿಟ್ಟಿದ್ದಾರೆ.

ನಮ್ಮದು ಇಂಡಿಯನ್ ಸಂಡಾಸು. ಬಾಗಿಲು 26 ಇಂಚು, ಹೊಸಿಲಿಗೆ 2 ಇಂಚಿನ ಕಲ್ಲು.

ಸಂಜೆ ಏಳಾದರೆ ಊರಿನ ಮನೆಯಲ್ಲಿದ್ದೇನೆ ಅಂದುಕೊಂಡು ಹಟ್ಟಿಗೆ ಹೋಗಬೇಕು ಅನ್ನುತ್ತಾರೆ. ಬೆಳಿಗ್ಗೆ ಸರಿ ಇರುತ್ತಾರೆ. ನೋವಿಗೆ ಟ್ರಮಡಾಲ್ ಕೊಟ್ಟಿದ್ದಾರೆ. ನಾಲ್ಕು ದಿನದಿಂದ ಹೊಟ್ಟೆ ಸಾಫ್ ಆಗಿಲ್ಲ. ಊಟ ಅಂದರೆ ಗಂಜಿ, ಉಪ್ಪಿನಕಾಯಿ. ಮೊಟ್ಟೆ, ಮೀನು ಮುಟ್ಟುವವರಲ್ಲ.

ಹಗಲಿಗೆ ನೋಡಿಕೊಳ್ಳಲು ಬರುವ ಮಾವಶಿ (ಕೆಲಸದವಳು) ದಿನಾ ಎಣ್ಣೆ ಹಾಕಿ ಬಲಗಾಲಿನ ಮೀನಖಂಡ ಉಜ್ಜುತ್ತಾಳೆ, ಆ ಪಾದ ಸ್ವಲ್ಪ ಊದಿದೆ ಅಂತ.

ಕೊನೆಗೆ, ಮೊದಲಿನ ಹಾಗೆ ಆಗಲು ಎಷ್ಟು ದಿನ? ಆಗುತ್ತಾರಾ?

ಪುಣೆ_ಫಿಸಿಯೋ

ಎರಡನೇ ಪ್ರಶ್ನೆ ಮೊದಲು ಮುಗಿಸೋಣ್ರಿ, ಉಳಿದದ್ದು ಅದರ ಮೇಲೇ ನಿಂತದ.

‘ಸೊಂಟದ ಮೂಳೆ ಮುರಿದಿದೆ’ ಅಂತ ಎಲ್ಲರೂ ಅಂತಾರ, ಆದರೆ ಅದು ಒಂದೇ ಜಾಗ ಅಲ್ಲ. ತೊಡೆಮೂಳೆಯ ತುದಿಯೊಳಗ ಒಂದು ಗುಂಡು, ಅದರ ಕೆಳಗ ಕುತ್ತಿಗೆ, ಇನ್ನೂ ಕೆಳಗ ಟ್ರೊಕ್ಯಾಂಟರ್ ಅನ್ನೋ ಉಬ್ಬು. ಆ ಗುಂಡಿನ ಭಾಗಕ್ಕ ರಕ್ತ ಹೋಗೋದು ಹೆಚ್ಚಾಗಿ ಕುತ್ತಿಗೆ ಹಿಡಿದೇ. ಕುತ್ತಿಗೆ ಮುರಿದು ಜರುಗಿದರೆ ಆ ದಾರಿ ಹರಿದು ಗುಂಡು ಸಾಯಬಹುದು. ಅದಕ್ಕೇ ವಯಸ್ಸಾದವರಿಗೆ ಗುಂಡನ್ನೇ ತೆಗೆದು ಲೋಹದ್ದು ಕೂಡಿಸ್ತಾರ. ಬೈಪೋಲಾರ್ ಅಥವಾ ಟೋಟಲ್ ಹಿಪ್ ಅಂತಾರಲ್ಲ, ಅದು. ಹಿಂದಿನಿಂದ ಕೊಯ್ದು ಹಾಕಿದ್ದರೆ ಕೀಲಿನ ಚೀಲ ಗಾಯ ಮಾಯುವ ತನಕ ಗುಂಡು ಜಾರಿ ಹೊರಗ ಬರುವ ಭಯ. 90 ಡಿಗ್ರಿ, ದಿಂಬು, ಕಾಲ ಮೇಲೆ ಕಾಲು ಹಾಕಬಾರದು, ಇವೆಲ್ಲ ಅವರಿಗೆ, 6ರಿಂದ 12 ವಾರ.

ನಿಮ್ಮ ಅತ್ತೆಯದು ಕೀಲಿನ ಚೀಲದ ಹೊರಗಿನ ಮುರಿತ. ಅಲ್ಲಿ ರಕ್ತ ಚಲೋ ಇರ್ತದ, ಮೂಳೆ ತಾನೇ ಕೂಡ್ತದ. ಮಜ್ಜೆಯೊಳಗ ಒಂದು ರಾಡ್, ಅದರ ಮೂಲಕ ಗುಂಡಿನ ತನಕ ಸ್ಕ್ರೂ. ಇಷ್ಟೇ ಪಿಎಫ್‌ಎನ್. ಗುಂಡು ಅವರದೇ, ಕುಳಿ ಅವರದೇ, ಜಾರೋದಕ್ಕ ಏನೂ ಇಲ್ಲ. ಬಗ್ಗಲಿ, ಮಗ್ಗುಲಾಗಲಿ. ಮೊದಲ ಎರಡು ವಾರ ಎಡ ಮಗ್ಗುಲಿಗೆ ಮಲಗಿ ಮೊಣಕಾಲ ನಡುವೆ ದಿಂಬು ಇಟ್ಟರೆ ನೋವು ಕಡಿಮೆ. ಅದು ಸುಖಕ್ಕೆ, ನಿಯಮಕ್ಕಲ್ಲ. ಪಕ್ಕದ ಮನೆಯ ಆಪರೇಷನ್ನಿನ ನಿಯಮ ತಂದು ನಮ್ಮ ಪೇಶಂಟ್‌ಗೆ ಹಚ್ಚೋದು ಇಲ್ಲಿ ಪ್ರತಿ ಸೊಸೈಟಿಯೊಳಗೂ ನಡೀತದ. ಆಪರೇಷನ್ನಿಗಿಂತ ಹೆಚ್ಚು ಹಾಸಿಗೆ ಹಿಡಿಸೋದು ಇದೇ.

ಈಗ ಕಾಲೂರೋದು. ವಯಸ್ಸಾದವರಿಗೆ ಆಪರೇಷನ್ ಮಾಡೋದೇ ಮರುದಿನದಿಂದ ಕಾಲೂರಿ ನಡೀಲಿ ಅಂತ. 76ರೊಳಗ ಒಂಟಿಗಾಲಲ್ಲಿ ವಾಕರ್ ಮೇಲೆ ಕುಪ್ಪಳಿಸೋದು ಆಗೋ ಮಾತಲ್ಲ. ತೋಳಿಗೆ ಅಷ್ಟು ಬಲ ಇರಲ್ಲ, ಬೀಳ್ತಾರ, ಇಲ್ಲಾ ಏಳೋದೇ ಬಿಡ್ತಾರ. ಇನ್ನೊಂದು ಮಾತು: ಬೆಡ್‌ಪ್ಯಾನ್ ಇಡಾಕ ಸೊಂಟ ಎತ್ತಿದಾಗಲೂ ಕೀಲಿನ ಮೇಲೆ ಬೀಳೋ ಭಾರ ಸಣ್ಣದಲ್ಲ, ಸ್ನಾಯುಗಳೇ ಗುಂಡನ್ನ ಕುಳಿಗೆ ಒತ್ತಿ ಹಿಡೀತಾವ. ‘ಮಲಗಿದ್ದರೆ ಸ್ಕ್ರೂ ಸೇಫ್’ ಅನ್ನೋದು ಅರ್ಧ ಸುಳ್ಳು.

ಹಂಗಂತ ನಮ್ಮ ಮಾತು ಕೇಳಿ ಸರ್ಜನ್ನರ ಬರಹ ದಾಟಬ್ಯಾಡ್ರಿ. ಮುರಿತ ಚೂರುಚೂರಾಗಿದ್ದರೆ, ಸ್ಕ್ರೂ ಕೂತ ಜಾಗ ಅವರಿಗೆ ಸಮಾಧಾನ ತಂದಿರದಿದ್ದರೆ, ಬೇಕಂತಲೇ ಟೋ ಟಚ್ ಬರೆದಿರ್ತಾರ. ಎಷ್ಟೋ ಸಲ ಅದು ಹಳೇ ಛಾಪಾ ಕಾರ್ಡಿನ ಸಾಲು. ಫೋನ್ ಮಾಡಿ ನೇರ ಕೇಳ್ರಿ: ‘ಫಿಕ್ಸೇಷನ್ (ಮೂಳೆ ಕೂಡಿಸಿದ್ದು) ಸ್ಟೇಬಲ್ ಇದೆಯಾ? ನೋವು ತಡೆಯುವಷ್ಟರ ಮಟ್ಟಿಗೆ ಪೂರ್ತಿ ಭಾರ ಹಾಕಬಹುದಾ? ಬೇಡ ಅಂದರೆ ಕಾರಣ ಏನು?’ ಉತ್ತರ ಕಾರ್ಡಿನ ಮೇಲೆ ಬರೆಸಿಕೊಳ್ರಿ.

ಹೂಂ ಅಂದರೆ ಮುಂದಿನದು. ವಾಕರ್ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು, ಮೊಣಕೈ ಸ್ವಲ್ಪ ಮಡಚಿರಬೇಕು. ಅಂಗಡಿಯಿಂದ ತಂದ ಎತ್ತರದಲ್ಲೇ ಬಿಟ್ಟರೆ ಭುಜ ಕಿವಿ ಮುಟ್ಟತಾವ. ವಾಕರ್ ಮುಂದೆ, ಆಮೇಲೆ ಬಲಗಾಲು, ಆಮೇಲೆ ಎಡಗಾಲು. ಎಡಗಾಲು ಬಲಗಾಲನ್ನ ದಾಟಿ ಹೋಗಬೇಕಂತ ಈಗ ಹಟ ಬ್ಯಾಡ. ಪ್ಯಾರಾಸಿಟಮಾಲ್ ಕೊಟ್ಟು ಮುಕ್ಕಾಲು ತಾಸಿನ ಮೇಲೆ ನಡೆಸ್ರಿ. ನೋವು ಏರಿದ ಮೇಲೆ ಮಾತ್ರೆ ಕೊಟ್ಟು ನಡೆಸೋದು ಉಲ್ಟಾ. ಹಾಸಿಗೆಯಿಂದ ಬಾಗಿಲ ತನಕ, ದಿನಕ್ಕ ನಾಲ್ಕೈದು ಸಲ. ಒಂದೇ ಸಲ ಅರ್ಧ ತಾಸು ಎಳೆದಾಡೋದಕ್ಕಿಂತ ಇದು ಮೇಲು.

ವ್ಯಾಯಾಮದ ಪಟ್ಟಿ ಉದ್ದ ಕೊಟ್ಟರೆ ಯಾರೂ ಮಾಡಲ್ಲ. ಮೂರು ಸಾಕು. ಕುರ್ಚಿಯಿಂದ ಎದ್ದು ಕೂಡೋದು: ಕೈ ಇರುವ, 19ರಿಂದ 20 ಇಂಚು ಎತ್ತರದ ಕುರ್ಚಿ, 5 ಸಲದಿಂದ ಶುರು, ದಿನಕ್ಕ ಮೂರು ಹೊತ್ತು. ಅಡಿಗೆಮನಿ ಕಟ್ಟೆ ಹಿಡಿದು ನಿಂತು ಬಲಗಾಲು ಪಕ್ಕಕ್ಕೆ ಎತ್ತೋದು, 10 ಸಲ. ಕುಂಟು ಉಳಿಯೋದು ಸೊಂಟದ ಪಕ್ಕದ ಈ ಸ್ನಾಯು ಸೋತದ್ದರಿಂದಲೇ. ಕೂತಲ್ಲೇ ಮೊಣಕಾಲು ನೆಟ್ಟಗೆ ಮಾಡಿ 5 ಎಣಿಸೋದು. 3 ವಾರ ಆದ ಮೇಲೆ ಇವೇ ಕಸರತ್ತಿಗೆ ಕಾಲಿಗೆ ಅರ್ಧ ಕೆಜಿ ತೂಕ ಕಟ್ಟಬೇಕು. ತೂಕ ಏರಿಸದೆ ಮೂರು ತಿಂಗಳು ಪಾದ ಆಡಿಸುತ್ತಾ ಕೂತರೆ ಅದು ಫಿಸಿಯೋ ಅಲ್ಲ, ಹೊತ್ತು ಕಳೆಯೋದು.

ಮಾವಶಿಯ ಎಣ್ಣೆ ತಿಕ್ಕೋದು ಇವತ್ತೇ ನಿಲ್ಲಿಸ್ರಿ. ಕಾರಣ ಡಾಕ್ಟರ್ ಯಾರಾದರೂ ಬರೀತಾರ.

ಮುಲುಂಡ್_ಎಂಡಿ

ಬರೆಯುತ್ತೇನೆ, ಅದು ಇವತ್ತಿನ ಕೆಲಸ.

ಸೊಂಟದ ಆಪರೇಷನ್ ಆದವರಿಗೆ ಮೀನಖಂಡದ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಮೊದಲ ತಿಂಗಳು ಪೂರ್ತಿ ಇರುತ್ತದೆ. ಆಪರೇಷನ್ ಆದ ಕಾಲಿನ ಪಾದ ಸ್ವಲ್ಪ ಊದುವುದು ಸಾಮಾನ್ಯವೇ. ಆದರೆ ಯಾವ ಊತ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ದರ್ಜಿಯ ಟೇಪು ತೆಗೆದುಕೊಳ್ಳಿ. ಮೊಣಕಾಲ ಚಿಪ್ಪಿನ ಕೆಳಗೆ ಮುಂಭಾಗದಲ್ಲಿ ಒಂದು ಗಟ್ಟಿ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಮೀನಖಂಡದ ಸುತ್ತಳತೆ ಅಳೆಯಿರಿ. ವ್ಯತ್ಯಾಸ 3 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಅಳತೆ ಏನೇ ಇರಲಿ ಮೀನಖಂಡ ಬಿಗಿದು ಒತ್ತಿದರೆ ನೋಯುತ್ತಿದ್ದರೆ, ಇವತ್ತೇ ವೀನಸ್ ಡಾಪ್ಲರ್ (ರಕ್ತನಾಳದ ಸ್ಕ್ಯಾನ್). ಹೆಪ್ಪು ಇದ್ದಲ್ಲಿ ಉಜ್ಜಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ತಲೆಸುತ್ತಿ ಕುಸಿಯುವುದು ಕಂಡರೆ 108.

ಹೆಪ್ಪು ತಡೆಯುವ ಇಂಜೆಕ್ಷನ್ ಎಷ್ಟು ದಿನಕ್ಕೆ ಬರೆದಿದ್ದಾರೆ ನೋಡಿ. ಎನಾಕ್ಸಾಪರಿನ್ 40 ಮಿಗ್ರಾಂ ದಿನಕ್ಕೊಂದು, 28ರಿಂದ 35 ದಿನದವರೆಗೆ, ಎನ್ನುವುದು ಈ ಆಪರೇಷನ್ನಿಗೆ ಸಾಮಾನ್ಯ ಕ್ರಮ. ಕಿಡ್ನಿ ಕೆಲಸ ಕಡಿಮೆ ಇದ್ದರೆ ಡೋಸ್ ಇಳಿಯುತ್ತದೆ, ಕೆಲವರಿಗೆ ಮಾತ್ರೆ ಕೊಡುತ್ತಾರೆ. ಡಿಸ್ಚಾರ್ಜ್ ದಿನವೇ ನಿಂತಿದ್ದರೆ ಬೇಕೆಂದೇ ನಿಲ್ಲಿಸಿದ್ದೋ, ಬರೆಯಲು ಮರೆತದ್ದೋ ಕೇಳಿ.

ಈಗ ಯಾರೂ ಮಾತಾಡದ ವಿಷಯ. ನಿಂತ ಎತ್ತರದಿಂದ ಜಾರಿ ಬಿದ್ದು ಸೊಂಟ ಮುರಿದರೆ ಅದೇ ಆಸ್ಟಿಯೊಪೊರೋಸಿಸ್ (ಮೂಳೆ ಸವೆತ) ಎಂಬುದಕ್ಕೆ ಸಾಕ್ಷಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಕಾಯಬೇಕಾಗಿಲ್ಲ. ರಾಡ್ ಹಾಕಿದ್ದು ಬಲಗಡೆಗೆ, ಎಡ ಸೊಂಟ ಮೊದಲಿದ್ದ ಹಾಗೇ ಇದೆ. ಕ್ಯಾಲ್ಸಿಯಂ ಗುಳಿಗೆ ಕೊಟ್ಟು ಕಳಿಸಿದರೆ ಅದು ಮೂಳೆ ಸವೆತದ ಔಷಧಿ ಅಲ್ಲ. ಝೊಲೆಡ್ರೋನಿಕ್ ಆಸಿಡ್ 5 ಮಿಗ್ರಾಂ, ವರ್ಷಕ್ಕೊಂದು ಸಲ, ಕನಿಷ್ಠ 15 ನಿಮಿಷದ ಡ್ರಿಪ್. 2007ರಲ್ಲಿ ಪ್ರಕಟವಾದ ಹೊರೈಜ಼ನ್ ಪ್ರಯೋಗ ಸೊಂಟದ ಮುರಿತಕ್ಕೆ ಆಪರೇಷನ್ ಆದವರ ಮೇಲೆಯೇ ನಡೆದದ್ದು. ಮೂರು ತಿಂಗಳೊಳಗೆ ಈ ಡ್ರಿಪ್ ಶುರು ಮಾಡಿದವರಲ್ಲಿ ಹೊಸ ಮುರಿತ 35% ಕಡಿಮೆ, ಸಾವು 28% ಕಡಿಮೆ. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಕೊಡುವುದು ಒಳ್ಳೆಯದು. ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಬೇಕು. ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕೆಳಗಿದ್ದರೆ ಇದು ಬೇಡ. ಡಿ ಕಡಿಮೆಯಿದ್ದರೆ ಮೊದಲು 60,000 ಯೂನಿಟ್ ವಾರಕ್ಕೊಂದರಂತೆ ತುಂಬಿಸಿ ಆಮೇಲೆ ಡ್ರಿಪ್, ಇಲ್ಲವಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ. ಮೊದಲ ಡ್ರಿಪ್‌ನ ಮರುದಿನ ಜ್ವರ, ಮೈಕೈ ನೋವು ಬಂದರೆ ಹೆದರಬೇಡಿ, ಎರಡು ಮೂರು ದಿನ ಪ್ಯಾರಾಸಿಟಮಾಲ್ ಸಾಕು. 14ನೇ ದಿನ ಹೊಲಿಗೆ ತೆಗೆಸಲು ಹೋದಾಗ ನೀವೇ ಈ ಮಾತು ಎತ್ತಿ. ಮೂಳೆ ಜೋಡಿಸುವವರು ಮತ್ತು ಮೂಳೆಯ ಔಷಧಿ ಬರೆಯುವವರು ಬೇರೆ ಬೇರೆಯಾಗಿರುವುದರಿಂದ ಇದು ನಡುವೆ ಬಿದ್ದುಹೋಗುತ್ತದೆ.

ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಗುಳಿಗೆಗೂ 4 ಗಂಟೆ ಅಂತರ ಇರಲಿ.

ಮಾಟುಂಗಾ_ಹೋಮ್‌ನರ್ಸ್

ಸಂಜೆಯ ಗೊಂದಲಕ್ಕೆ ಡೆಲಿರಿಯಂ ಅಂತಾರೆ. ಹುಚ್ಚೂ ಅಲ್ಲ, ಮರೆವಿನ ರೋಗವೂ ಅಲ್ಲ. ಈ ವಯಸ್ಸಿನಲ್ಲಿ ಸೊಂಟ ಮುರಿದವರಲ್ಲಿ ತುಂಬಾ ಸಾಮಾನ್ಯ. ‘ಇದು ಊರಲ್ಲ, ಡೊಂಬಿವಲಿ’ ಅಂತ ವಾದಕ್ಕೆ ಕೂರಬೇಡಿ, ‘ಹಟ್ಟಿಗೆ ಬೆಳಿಗ್ಗೆ ಹೋದರಾಯ್ತು’ ಅಂತ ನಟನೆಯೂ ಬೇಡ. ಹೆಸರು ಹಿಡಿದು ಕರೆದು, ಇವತ್ತು ಯಾವ ವಾರ, ಆಪರೇಷನ್ ಆಗಿದೆ, ನಾನಿಲ್ಲೇ ಇದ್ದೇನೆ, ಇಷ್ಟು ಹೇಳಿ ಸಾಕು. ಸಂಜೆ ಆರಕ್ಕೇ ಲೈಟ್ ಹಾಕಿ. ಕನ್ನಡಕ, ಕಿವಿ ಮೆಷಿನ್, ಹಲ್ಲಿನ ಸೆಟ್ಟು ಆಸ್ಪತ್ರೆಯ ಚೀಲದಲ್ಲೇ ಉಳಿದಿದ್ದರೆ ಹೊರಗೆ ತೆಗೆಯಿರಿ.

ಆದರೆ ಕಾರಣ ಹುಡುಕಲೇಬೇಕು, ನಿಮ್ಮ ಪ್ರಶ್ನೆಯಲ್ಲೇ ಎರಡು ಕೂತಿವೆ. ಟ್ರಮಡಾಲ್ ಒಂದು: ತಲೆ ಮಂಕು, ವಾಕರಿಕೆ, ಮಲಬದ್ಧತೆ, ಸೋಡಿಯಂ ಇಳಿಕೆ, ನಾಲ್ಕೂ ಅದರಿಂದ ಬರಬಹುದು. ಡಾಕ್ಟರಿಗೆ ಹೇಳಿ ಹಗಲಿನ ನೋವಿಗೆ ಬರೀ ಪ್ಯಾರಾಸಿಟಮಾಲ್ ಆಗುತ್ತದಾ ಕೇಳಿ. ಪೆಟ್ಟಿಗೆಯಲ್ಲಿ ಮಿಕ್ಕ ನೋವಿನ ಗುಳಿಗೆಗಳನ್ನು ನೀವೇ ಸೇರಿಸಬೇಡಿ, ಬಿಪಿ ಮಾತ್ರೆಯ ಜೊತೆಗೆ ಅವು ಕಿಡ್ನಿಗೆ ಕುತ್ತು. ನಾಲ್ಕು ದಿನದ ಹೊಟ್ಟೆ ಎರಡನೆಯದು. ಅದಕ್ಕೆ ಮಲ ಸಡಿಲಿಸುವ ಲ್ಯಾಕ್ಟುಲೋಸ್ ತರಹದ್ದು ಕೇಳಿ ಪಡೆಯಿರಿ. ಇಸಬ್ಗೋಲ್ ಬೇಡ, ನೀರು ಕಡಿಮೆ ಕುಡಿದು ಮಲಗಿದವರಿಗೆ ಅದು ಒಳಗೇ ಗಟ್ಟಿಯಾಗುತ್ತದೆ. ಮೂತ್ರ ಸಲೀಸಾಗಿ ಆಗುತ್ತಿದೆಯಾ ನೋಡಿ. ಸ್ವಲ್ಪ ಸ್ವಲ್ಪವೇ ಸೋರುತ್ತಾ ಕೆಳಹೊಟ್ಟೆ ಉಬ್ಬಿದ್ದರೆ ಮೂತ್ರಕೋಶ ತುಂಬಿ ನಿಂತಿದೆ ಎಂದರ್ಥ. ಸೋಡಿಯಂ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ ಮನೆಗೇ ಬಂದು ತೆಗೆದುಕೊಂಡು ಹೋಗುತ್ತಾರೆ, ನಾಳೆಯೇ ಮಾಡಿಸಿ. ‘ರಾತ್ರಿ ನಿದ್ದೆ ಬರಲಿ’ ಅಂತ ನಿದ್ದೆ ಮಾತ್ರೆ ಮಾತ್ರ ಯಾರು ಹೇಳಿದರೂ ಬೇಡ, ಗೊಂದಲ ಹೆಚ್ಚಿ ನಡುರಾತ್ರಿ ಎದ್ದು ಬೀಳುತ್ತಾರೆ.

ಹಿಮ್ಮಡಿ ನೋಡಿದ್ದೀರಾ? ಹುಣ್ಣು ಬೀಳುವುದು ಬೆನ್ನಿಗೇ ಅಂತ ಎಲ್ಲರ ಎಣಿಕೆ. ಅಂಗಾತ ಮಲಗಿದವರಿಗೆ ಆಪರೇಷನ್ ಆದ ಕಾಲಿನ ಹಿಮ್ಮಡಿಯೂ ಬೇಗ ಕೆಂಪಾಗುತ್ತದೆ, ಯಾಕೆಂದರೆ ಆ ಕಾಲನ್ನು ಅವರು ಅಲ್ಲಾಡಿಸುವುದೇ ಇಲ್ಲ. ಬೆರಳಿಂದ ಒತ್ತಿ ಬಿಡಿ. ಕೆಂಪು ಬಿಳಿಚಿ ಮತ್ತೆ ಬಂದರೆ ಪರವಾಗಿಲ್ಲ, ಒತ್ತಿದರೂ ಕೆಂಪಾಗೇ ಉಳಿದರೆ ಹುಣ್ಣಿನ ಮೊದಲ ಹಂತ. ದಿಂಬನ್ನು ಮೀನಖಂಡದ ಉದ್ದಕ್ಕೂ ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಬಿಡಿ. ಎರಡು ಗಂಟೆಗೊಮ್ಮೆ ಮಗ್ಗುಲು.

ಗಂಜಿ ವಿಷಯ. ಒಂದು ಬಟ್ಟಲಿಗೆ ಎರಡು ಮೂರು ಗ್ರಾಂ ಪ್ರೋಟೀನ್, ಅಷ್ಟೇ ಮಾರಾಯ್ರೇ. ಕೆಜಿಗೆ 1.2 ಗ್ರಾಂ ಲೆಕ್ಕ ಹಿಡಿದರೂ ಅತ್ತೆಗೆ ದಿನಕ್ಕೆ 62 ಗ್ರಾಂ ಬೇಕು. ಹಾಲು ಕಾಲು ಲೀಟರ್ 8, ಮೊಸರು 200 ಗ್ರಾಂ 6 ಅಥವಾ 7, ಪನೀರ್ 50 ಗ್ರಾಂ 9, ಬೇಳೆ ಹಸಿ ತೂಕ 60 ಗ್ರಾಂ 14, ಸೋಯಾ ಚಂಕ್ಸ್ 30 ಗ್ರಾಂ 15, ಶೇಂಗಾ ಒಂದು ಹಿಡಿ 6. ಉಳಿದದ್ದು ರಾಗಿ, ಗೋಧಿ, ಅಕ್ಕಿಯಿಂದ. ಒಂದೇ ಊಟದಲ್ಲಿ ತುರುಕಿದರೆ ಇಳಿಯುವುದಿಲ್ಲ. ಗಂಜಿ ಬಿಡಿಸುವ ಜಗಳವೂ ಬೇಡ, ಅದೇ ಗಂಜಿಗೆ ಹೆಸರುಬೇಳೆ ಅರ್ಧಕ್ಕರ್ಧ ಹಾಕಿ ಬೇಯಿಸಿ. ಸೋಯಾ ಪುಡಿ ಮಾಡಿ ದೋಸೆ ಹಿಟ್ಟಿಗೆ ಸೇರಿಸಿದರೆ ಗೊತ್ತೇ ಆಗುವುದಿಲ್ಲ. ರಾಗಿ ಅಂಬಲಿ ಹಾಲಿನಲ್ಲಿ ಮಾಡಿ. 100 ಗ್ರಾಂ ರಾಗಿಯಲ್ಲಿ 350 ಮಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ಮೂತ್ರಕ್ಕೆ ಏಳಬೇಕಾಗುತ್ತದೆಂದು ಅವರು ನೀರು ಬಿಟ್ಟಿರುತ್ತಾರೆ, ಲೋಟ ಎಣಿಸಿ.

ವಾಸ್ಕೋ_ಸಿವಿಲ್

ಸಂಡಾಸಿನ ಪ್ರಶ್ನೆ ಹಾಗೇ ಉಳಿಯಿತು.

ಟೇಪು ಹಿಡಿದು ವಾಕರಿನ ಕಾಲುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ, ಹಿಡಿಕೆಯ ಹತ್ತಿರ ಅಲ್ಲ. ಬುಡ ಅಗಲ ಇರುತ್ತದೆ. ಬಾಗಿಲು 26 ಅಂದರೂ ಚೌಕಟ್ಟು, ತೆರೆದ ಬಾಗಿಲಿನ ದಪ್ಪ ಕಳೆದರೆ 24 ಸಿಕ್ಕರೆ ಪುಣ್ಯ. ವಾಕರ್ ದಾಟದಿದ್ದರೆ ಅಡ್ಡ ತಿರುಗಿ ನುಸುಳುವ ಸಾಹಸ 2 ಇಂಚಿನ ಹೊಸಿಲ ಮೇಲೆ ಬೇಡವೇ ಬೇಡ. ಮೊದಲ 6 ವಾರ ಹಾಸಿಗೆ ಪಕ್ಕ ಕಮೋಡ್ ಚೇರ್ ಇಡಿ. ಚಕ್ರ ಇರದ್ದು, ಕೈ ಇರುವುದು, ಸೀಟು 19 ಇಂಚಿಗೆ. ಮುಂಬೈಯಲ್ಲಿ ಪ್ರಿನ್ಸೆಸ್ ಸ್ಟ್ರೀಟಿನ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಡೊಂಬಿವಲಿಯಲ್ಲೂ ಬಾಡಿಗೆಗೆ ಕೊಡುವವರು ಇರುತ್ತಾರೆ ಕೇಳಿ.

ಆಮೇಲೆ ಇಂಡಿಯನ್ ಪ್ಯಾನ್ ಮೇಲೆ ಇಡುವ ಸ್ಟೂಲ್ ತಂದರೆ ಒಂದು ಎಚ್ಚರ. ಅದರ ಕಾಲು ಪ್ಯಾನಿನ ಪಾದದ ಕಟ್ಟೆಯ ಮೇಲೆ ಅರ್ಧ, ನೆಲದ ಮೇಲೆ ಅರ್ಧ ಕೂರುತ್ತದೆ. ಒದ್ದೆಯಾದ ದಿನ ಒಂದು ಕಾಲು ಜಾರಿ ಸ್ಟೂಲೇ ಮಗುಚುತ್ತದೆ. ನಾಲ್ಕೂ ಕಾಲು ಒಂದೇ ಮಟ್ಟದಲ್ಲಿ ಕೂರದಿದ್ದರೆ ತರಬೇಡಿ. ನಿಮ್ಮದೇ ಮನೆಯಾದರೆ ಪ್ಯಾನ್ ಒಡೆಸಿ ಕಮೋಡ್ ಹಾಕಿಸಿ. ಆದರೆ ಕೆಳಗಿನ ಮನೆಯ ಸೀಲಿಂಗ್ ಲೀಕ್ ಆದರೆ ಸೊಸೈಟಿ ಜಗಳ ನಿಮ್ಮ ತಲೆಗೆ, ವಾಟರ್‌ಪ್ರೂಫಿಂಗ್ ಮಾಡಿಸದೆ ಮುಚ್ಚಿಸಬೇಡಿ.

ಹಿಡಿಕೆ ಸರಳು: ಸ್ಟೀಲ್, 32ರಿಂದ 38 ಮಿಮೀ ದಪ್ಪ, ನೆಲದಿಂದ 33ರಿಂದ 36 ಇಂಚು. ಟವೆಲ್ ರಾಡ್ ಹಿಡಿಕೆಯಲ್ಲ. ಗಾಳಿ ಎಳೆದು ಅಂಟಿಸುವ ರಬ್ಬರ್ ಕಪ್ಪಿನದು ಹಿಡಿಕೆಯೇ ಅಲ್ಲ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೈಲ್ಸ್ ಹಿಂದೆ ಟೊಳ್ಳು ಸದ್ದು ಬಂದರೆ ಅಲ್ಲಿ ಡ್ರಿಲ್ ಬೇಡ. ಹಗುರ ಬ್ಲಾಕಿನ ಗೋಡೆಯಾದರೆ ಸಾದಾ ಪ್ಲಾಸ್ಟಿಕ್ ಗಿಟ್ಟಿ ನಿಲ್ಲದು, ಕೆಮಿಕಲ್ ಆಂಕರ್ (ಅಂಟು ತುಂಬಿ ಕೂರಿಸುವ ಬೋಲ್ಟ್) ಬೇಕು. ಹಾಕಿದ ಮೇಲೆ ಮನೆಯ ದೊಡ್ಡ ಗಂಡಸು ಜೋತುಬಿದ್ದು ನೋಡಲಿ.

ಇನ್ನು ನಿಮ್ಮಲ್ಲಿ ನೀರು ಬರುವ ಹೊತ್ತಿಗೆ ಪ್ಯಾಸೇಜ್ ತುಂಬ ಬಾಲ್ದಿ, ಪೈಪು. ಆ ಅರ್ಧ ಗಂಟೆ ಅವರು ಕುರ್ಚಿಯಿಂದ ಏಳಬಾರದು. ನೈಟಿಯ ಅಂಚು ಹರಡಿನಿಂದ ನಾಲ್ಕು ಬೆರಳು ಮೇಲಕ್ಕೆ ಮಡಚಿ ಹೊಲಿಯಿರಿ. ಹವಾಯಿ ಚಪ್ಪಲಿ ಎಸೆಯಿರಿ, ಹಿಂದೆ ಪಟ್ಟಿ ಇರುವುದು ಬೇಕು.

ಡೊಂಬಿವಲಿ_ಸೊಸೆ

ಅಳತೆ ಮಾಡಿದೆ: ಬಲ 32.5, ಎಡ 31. ಬಿಗಿತ, ನೋವು ಇಲ್ಲ. ಎಣ್ಣೆ ನಿಲ್ಲಿಸಿದೆ. ಸರ್ಜನ್ ಫೋನಿಗೆ ಸಿಕ್ಕಿದರು. ಫಿಕ್ಸೇಷನ್ ಸ್ಟೇಬಲ್, ವಾಕರ್ ಜೊತೆ ಪೂರ್ತಿ ಭಾರ ಹಾಕಬಹುದು, ಕಾರ್ಡಿನದು ಹಳೇ ಸಾಲು ಎಂದರು. ಇಂಜೆಕ್ಷನ್ 35 ದಿನಕ್ಕೆ ಮುಂದುವರಿಸಿದರು. ಟ್ರಮಡಾಲ್ ನಿಂತಿತು.

ಎರಡು ಉಳಿದಿವೆ. 14ನೇ ದಿನ ಕೆಳಗಿಳಿಸುವುದು ಹೇಗೆ? ಮತ್ತೆ ನನ್ನ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಮುಲುಂಡ್_ಎಂಡಿ

1.5 ಸೆಂಟಿಮೀಟರ್, ಬಿಗಿತ ಇಲ್ಲ ಎಂದರೆ ದಿನಾ ಅದೇ ಜಾಗದಲ್ಲಿ ಅಳೆದು ಬರೆದಿಡಿ, ಏರುತ್ತಾ ಹೋದರೆ ಡಾಪ್ಲರ್.

ಕೊನೆಯ ಪ್ರಶ್ನೆಗೆ ನೇರ ಉತ್ತರ. ಸೊಂಟ ಮುರಿದ ವೃದ್ಧರಲ್ಲಿ ಮುಂಚಿನ ನಡಿಗೆ ಪೂರ್ತಿ ಮರಳುವುದು ಸುಮಾರು ಅರ್ಧದಷ್ಟು ಜನರಿಗೆ. ಕೋಲಿಲ್ಲದೆ ಮಾರ್ಕೆಟ್ಟಿಗೆ ಹೋಗುತ್ತಿದ್ದವರು ಆ ಅರ್ಧದಲ್ಲಿ ಬರುವ ಸಾಧ್ಯತೆ ಹೆಚ್ಚು. ಮುಂಚಿನ ಓಡಾಟವೇ ಎಲ್ಲಕ್ಕಿಂತ ದೊಡ್ಡ ಸೂಚಕ. ಎಲ್ಲವೂ ಒಟ್ಟಿಗೆ ಮರಳುವುದಿಲ್ಲ. 2000ದಲ್ಲಿ ಬಂದ ಬಾಲ್ಟಿಮೋರ್‌ನ ಅಧ್ಯಯನದಲ್ಲಿ ಮನಸ್ಸಿನ ಕುಗ್ಗು, ಗೊಂದಲ, ಕೈಕೆಲಸ ನಾಲ್ಕು ತಿಂಗಳಷ್ಟರಲ್ಲಿ ತಹಬಂದಿಗೆ ಬಂದರೆ ಕಾಲಿನ ಕೆಲಸಗಳಿಗೆ ಸುಮಾರು ವರ್ಷ ಹಿಡಿಯಿತು. ಆರನೇ ವಾರಕ್ಕೆ ‘ಇನ್ನು ಇಷ್ಟೇ’ ಎಂದು ಫಿಸಿಯೋ ನಿಲ್ಲಿಸುವ ಮನೆಗಳಲ್ಲಿ ಆಮೇಲಿನದು ಬರುವುದೇ ಇಲ್ಲ.

ಕಾಲು ಅರ್ಧದಿಂದ 1 ಸೆಂಟಿಮೀಟರ್ ಗಿಡ್ಡ ಆಗಬಹುದು. ಸ್ಕ್ರೂ ಜಾರಿ ಮುರಿತ ಒತ್ತಿಕೊಳ್ಳಲೆಂದೇ ಆ ರಚನೆ. ಚಪ್ಪಲಿಗೆ ಒಳಪದರ ಹಾಕಿದರೆ ಸರಿಹೋಗುತ್ತದೆ. ಚೆನ್ನಾಗಿ ನಡೆಯುತ್ತಿದ್ದವರಿಗೆ ಒಮ್ಮೆಲೇ ತೊಡೆಸಂದಿಯಲ್ಲಿ ನೋವು ಬಂದು, ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದರೆ ಸ್ಕ್ರೂ ಗುಂಡನ್ನು ಕೊರೆದು ಹೊರಬರುತ್ತಿರಬಹುದು. ಆ ದಿನವೇ ಎಕ್ಸ್‌ರೇ. ಗಾಯದಿಂದ ನೀರು ಒಸರುವುದು ಈಗಲೂ ನಿಂತಿರದಿದ್ದರೆ ಅಥವಾ ಮತ್ತೆ ಶುರುವಾದರೆ ಆಂಟಿಬಯಾಟಿಕ್ ಮನೆಯಲ್ಲೇ ಕೊಡಬೇಡಿ, ಸರ್ಜನ್ ಕಣ್ಣಿಗೆ ಬೀಳಲಿ. ಎಲ್ಲ ಸರಿಯಿದ್ದರೂ 6 ಮತ್ತು 12 ವಾರಕ್ಕೆ ಎಕ್ಸ್‌ರೇ.

ಪುಣೆ_ಫಿಸಿಯೋ

ಇಳಿಸೋದು ಹೇಳ್ತೇನ್ರಿ. ಪ್ಲಾಸ್ಟಿಕ್ ಕುರ್ಚಿ ಬ್ಯಾಡ, ವಾಲಿಸಿದರೆ ಅದರ ಕಾಲು ಅಗಲಾಗ್ತಾವ. ಕೈ ಇರುವ ಗಟ್ಟಿ ಕಟ್ಟಿಗೆ ಕುರ್ಚಿ ಬೇಕು. ಸೊಂಟಕ್ಕೂ ಕುರ್ಚಿ ಬೆನ್ನಿಗೂ ಸೇರಿಸಿ ಒಂದು ಓಢಣಿ ಕಟ್ರಿ, ಕೈ ಮಡಿಲಲ್ಲಿ ಇರಲಿ. ಹೆದರಿದವರು ಕೈಚಾಚಿ ಜಿನೆಯ (ಮೆಟ್ಟಿಲಿನ) ಕಟಕಟೆ ಹಿಡಿದರೆ ಎತ್ತಿದವರೂ ಉರುಳ್ತಾರ. ಬಲ ಇದ್ದವರು ತಲೆ ಕಡೆ, ಇನ್ನೊಬ್ಬರು ಮುಂದಿನ ಕಾಲು ಹಿಡಿದು ಕೆಳಮೆಟ್ಟಿಲಲ್ಲಿ. ಕುರ್ಚಿ ಹಿಂದಕ್ಕೆ ವಾಲಿರಲಿ. ಇಳಿಸೋವಾಗ, ಏರಿಸೋವಾಗ, ಎರಡರೊಳಗೂ ಅವರ ಮುಖ ಕೆಳಗಿನ ಕಡೆಗೇ. ಪ್ರತಿ ತಿರುವಿನಲ್ಲಿ ಕುರ್ಚಿ ನೆಲಕ್ಕಿಟ್ಟು ಉಸಿರು ತಗೊಳ್ರಿ. ಕೆಳಗ ರಿಕ್ಷಾ ಬ್ಯಾಡ, ಮುಂದಿನ ಸೀಟು ಹಿಂದಕ್ಕೆ ಸರಿಸಿದ ಕಾರು. ಮೊದಲು ಕುಂಡೆ ಊರಿ ಕೂಡಿಸಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗ.

6 ವಾರದ ಎಕ್ಸ್‌ರೇಗೆ ಹೋಗೋ ಹೊತ್ತಿಗೆ ಅವರೇ ಇಳೀಬೇಕು. ಅದಕ್ಕ ನಾಲ್ಕನೇ ವಾರದಿಂದ ನಿಮ್ಮ ಜಿನೆಯ ಮೂರೇ ಮೆಟ್ಟಿಲ ಮೇಲೆ ತಾಲೀಮು: ಒಂದು ಕೈ ಕಟಕಟೆಗೆ, ಇನ್ನೊಂದರಲ್ಲಿ ಕೋಲು, ಏರುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಹಿಡಿಯುವವರು ಯಾವಾಗಲೂ ಒಂದು ಮೆಟ್ಟಿಲು ಕೆಳಗ ನಿಂತಿರಬೇಕು. ಮಾವಶಿಗೆ ಎಣ್ಣೆ ಬಿಡಿಸಿದ್ದೀರಲ್ಲ, ಈ ಕೆಲಸ ಅವಳಿಗೆ ಕಲಿಸ್ರಿ.